ಹಲ್ಲು ಬಿದ್ದ ಬೆಟ್ಟ

ಕಾರ್ಡು ಸರಿಯಾಗಿ ಕತ್ತರಿಸಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಮಗುಚಿ ನೋಡಬೇಕು. ಮುಂದಿನಿಂದ ಎಲ್ಲವೂ ಚೆಂದವೇ. ಬ್ಲೇಡು ಎಲ್ಲಿ ಎಳೆದಿದೆ, ಎಲ್ಲಿ ನಾರು ಉಳಿಸಿದೆ, ಎಲ್ಲಿ ಅರ್ಧಕ್ಕೇ ಕೈಬಿಟ್ಟಿದೆ ಎಂಬುದು ಹಿಂಬದಿಯಲ್ಲಿ ಗೊತ್ತಾಗುತ್ತದೆ. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್ ಹೀಗೇ ಮಾಡುತ್ತಿದ್ದರು. ನಾವು ಹೂವು ಹಾಕಿ ತಂದ ಕರವಸ್ತ್ರವನ್ನು ಕೈಗೆ ತೆಗೆದುಕೊಂಡ ಕೂಡಲೇ ತಿರುಗಿಸಿಬಿಡುತ್ತಿದ್ದರು. ಗಂಟುಗಳನ್ನು ನೋಡಿ, ಏನೂ ಹೇಳದೆ ವಾಪಸು ಕೊಡುತ್ತಿದ್ದರು. ಏನೂ ಹೇಳಲಿಲ್ಲವೆಂದರೆ ಬಿಚ್ಚಿ ಮತ್ತೆ ಹಾಕಬೇಕು ಎಂದು ಅರ್ಥ.

ಕತ್ತರಿಸುವ ಯಂತ್ರ ನನ್ನ ಅಕ್ಕನದು. ಹುಟ್ಟುಹಬ್ಬದ ತೋರಣ, ಕೇಕಿನ ಮೇಲೆ ಚುಚ್ಚುವ ಹೆಸರು, ಇಂಥವನ್ನು ಮಾಡಿ ಮಾರುತ್ತೇನೆಂದು ಮೈಸೂರಿನಲ್ಲಿ ಕೊಂಡಿದ್ದಳು. ಬೇಸರ ಬಂದು ಮಂಚದ ಕೆಳಗೆ ತಳ್ಳಿದ್ದನ್ನು ನಾನು ಕೇಳಿ ತಂದೆ. ನೋಡಲು ಉದ್ದನೆಯ ಬ್ರೆಡ್ ಡಬ್ಬಿಯ ಹಾಗಿದೆ. ಒಂದು ಅಂಟುಮ್ಯಾಟಿನ ಮೇಲೆ ಕಾರ್ಡು ಕೂರಿಸಿ ಅದರ ಬಾಯಿಗೆ ಕೊಟ್ಟರೆ, ಒಳಕ್ಕೂ ಹೊರಕ್ಕೂ ಎಳೆದಾಡುತ್ತಾ, ಸೂಜಿಯ ತುದಿಯಂಥ ಬ್ಲೇಡಿನಿಂದ, ನಾವು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ ಗೆರೆಯನ್ನೇ ಹಿಡಿದು ಕೊಯ್ಯುತ್ತದೆ. ಕೊಯ್ಯಬೇಕು.

ನಾವಿರುವುದು ದೋಣಿಗಲ್ಲಿನಲ್ಲಿ, ಹೆದ್ದಾರಿಗಿಂತ ಸ್ವಲ್ಪ ಮೇಲೆ, ಎಸ್ಟೇಟಿನವರು ಕೊಟ್ಟಿರುವ ಮನೆಯಲ್ಲಿ. ನನ್ನ ಯಜಮಾನರು ಅಲ್ಲಿ ರೈಟರ್. ಆಳುಗಳ ಹಾಜರಿ, ಸ್ಟೋರಿನ ಕಾಫಿ ಮೂಟೆ, ಎಲ್ಲದರ ಲೆಕ್ಕ ಅವರದು. ಘಾಟಿ ಹತ್ತುವ ಲಾರಿಗಳು ಗೇರು ಬದಲಾಯಿಸುವುದು ನಮ್ಮ ಮನೆಯ ಕೆಳಗೇ. ಆಗೆಲ್ಲ ಅಡಿಗೆಮನೆಯ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿಸುತ್ತಿತ್ತು, ಆಮೇಲೆ ಕೇಳಿಸುವುದು ನಿಂತಿತ್ತು. ಯಂತ್ರ ಬಂದ ಮೇಲೆ ಮತ್ತೆ ಕೇಳಿಸತೊಡಗಿತು.

ಮಗಳಿಗೆ ಮೊದಲು ಮುಸ್ಸಂಜೆ ಹೊತ್ತು ಕಾಣದಾಯಿತು. ಮೆಟ್ಟಿಲಲ್ಲಿ ತಡವರಿಸಿದಳು. ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ನೀರಿನ ಲೋಟಕ್ಕೆ ಕೈ ತಾಗಿ ಉರುಳಿತು. ಮರುದಿನವೂ ಉರುಳಿತು.

"ಈ ಹುಡ್ಗೀಗೆ ಗ್ಯಾನ ಎಲ್ಲೈತೆ ಅಂತ? ಬರೀ ಮೊಬೈಲಲ್ಲೇ ಐತೆ ಕಣವ್ವ," ಎಂದು ಅತ್ತೆ ಗೊಣಗುತ್ತಾ ನೆಲ ಒರೆಸಿದರು.

ಮಂಗಳೂರಿನ ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಇದಕ್ಕೆ ಔಷಧಿ ಇಲ್ಲ ಎಂದರು. ನನ್ನ ಕೈಯ ಬಳೆ ತೋರಿಸಿ, "ಈಗ ನಿಮ್ಮ ಮಗಳು ಇದರೊಳಗಿಂದ ನೋಡಿದ ಹಾಗೆ ನೋಡ್ತಾ ಇದ್ದಾಳೆ. ಬಳೆ ಚಿಕ್ಕದಾಗ್ತಾ ಹೋಗುತ್ತೆ. ಕಣ್ಣಿರುವಾಗಲೇ ಬೆರಳಿಗೆ ಅಭ್ಯಾಸ ಮಾಡಿಸಿ. ನೋಡಿದ್ದನ್ನ ಮುಟ್ಟಲಿ, ಮುಟ್ಟಿದ್ದನ್ನ ನೋಡಲಿ," ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ, ಮನೆಗೆ ಮುಂಚಿನ ತಿರುವಿನಲ್ಲಿ ಮಗಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ, "ಅಮ್ಮಾ, ನಮ್ಮ ಬೆಟ್ಟ ಬಂತು," ಎಂದಳು.

ಆ ಬೆಟ್ಟ ನಮ್ಮ ಅಡಿಗೆಮನೆಯ ಕಿಟಕಿಗೆ ಎದುರಾಗಿ ಕಣಿವೆಯ ಆಚೆ ಇದೆ. ಅಕ್ಕಪಕ್ಕ ಎರಡು ಗುಡ್ಡದ ಬೆನ್ನು, ನಡುವೆ ಒಂದು ತಗ್ಗು, ಮೇಲೆ ಉದ್ದಕ್ಕೂ ಒಂದೊಂದೇ ಬಿಡಿಬಿಡಿಯಾಗಿ ನಿಂತ ಮರಗಳು. ಹುಟ್ಟಿದಾಗಿನಿಂದ ಅವಳು ಹಾಲು ಕುಡಿದದ್ದು, ಹಟ ಮಾಡಿದ್ದು, ಮಗ್ಗಿ ಕಲಿತದ್ದು ಎಲ್ಲಾ ಆ ಕಿಟಕಿಯ ಕಟ್ಟೆಯ ಮೇಲೆ ಕೂತು. ಬೇರೆ ಏನು ಹೋದರೂ ಆ ಬೆಟ್ಟವೊಂದು ಅವಳಿಗೆ ಉಳಿಯಲಿ ಎಂದು ನನಗೆ ಅನ್ನಿಸಿತು. ದಪ್ಪ ಕಾರ್ಡಿನಲ್ಲಿ ಅದರ ಅಂಚನ್ನು ಕತ್ತರಿಸಿ ಇನ್ನೊಂದು ಕಾರ್ಡಿನ ಮೇಲೆ ಅಂಟಿಸಿದರೆ ಗೆರೆ ಉಬ್ಬಿ ನಿಲ್ಲುತ್ತದೆ. ಕಾಣುವಾಗಲೇ ಅವಳು ಆ ಗೆರೆಯನ್ನು ಬೆರಳಲ್ಲಿ ಓದುವುದನ್ನು ಕಲಿತರೆ, ಮುಂದೆ ಬೆರಳಿಟ್ಟ ಕೂಡಲೇ ಕಿಟಕಿ ತೆರೆದ ಹಾಗೆ ಆಗಬಹುದು. ನನ್ನ ಲೆಕ್ಕ ಇಷ್ಟೇ ಇತ್ತು.

ಬೆಟ್ಟಕ್ಕೆ ಮುಂಚೆ ಕೈ ಕುದುರಲಿ ಎಂದು ಒಂದು ಚಿಟ್ಟೆ, ಒಂದು ಕಾಫಿ ಎಲೆ ಕತ್ತರಿಸಿದೆ. ಜೂನ್ ತಿಂಗಳು. ಬ್ಲೇಡು ಕೊಯ್ಯುವ ಬದಲು ಕಾರ್ಡನ್ನು ಉಜ್ಜಿಕೊಂಡು ಹೋಯಿತು. ಅಂಚಿಗೆಲ್ಲ ನಾರಿನ ಜುಂಗು ಎದ್ದಿತು. ಕಣ್ಣಿಗೆ ಅದು ದೊಡ್ಡ ವಿಷಯವಲ್ಲ, ಉಗುರಿನಲ್ಲಿ ಸವರಿಬಿಡಬಹುದು. ಬೆರಳಿಗೆ ಹಾಗಲ್ಲ. ಬೆರಳು ಗೆರೆ ಬಿಟ್ಟು ಜುಂಗಿನ ಹಿಂದೆಯೇ ಹೋಗುತ್ತದೆ.

ಮಗಳು ಕಣ್ಣು ಮುಚ್ಚಿ ಚಿಟ್ಟೆಯನ್ನು ಸವರಿ, "ಅಮ್ಮಾ, ಇದಕ್ಕೆ ಮೀಸೆ ಬಂದಿದೆ," ಎಂದು ನಕ್ಕಳು.

ಪೇಟೆಗೆ ಹೋದೆ. ಸಕಲೇಶಪುರದಲ್ಲಿ ನಾನು ಶಾಲೆಗೆ ಹೋಗುವಾಗಿನಿಂದಲೂ ನೋಟುಬುಕ್ಕು ಕೊಳ್ಳುವ ಅಂಗಡಿಯ ಭಾಯಿ ಕಟ್ಟು ಬಿಚ್ಚಿ ನಾಲ್ಕು ತರಹದ ಶೀಟು ಹರಡಿದರು. ಎಲ್ಲವನ್ನೂ ಮೂಲೆಯಲ್ಲಿ ಬಗ್ಗಿಸಿ ನೋಡಿದೆ. ಒಂದೂ ಚಟಕ್ ಎನ್ನಲಿಲ್ಲ. ಒದ್ದೆ ಚಪಾತಿಯ ಹಾಗೆ ಬಾಗಿದವು.

"ಭಾಯಿ, ಇದೆಲ್ಲಾ ಥಂಡಿ ಹಿಡಿದುಬಿಟ್ಟಿದೆಯಲ್ಲ."

"ಅಕ್ಕಾ, ಮಳೆಗಾಲದಾಗೆ ಹಪ್ಪಳಾನೇ ಗರಿಗರಿ ಇರಲ್ಲ. ಕಾಗದ ಎಲ್ಲಿಂದ ಗರಿಗರಿ ಇರ್ಬೇಕು? ಮದ್ವೆ ಕಾರ್ಡಿನ ಶೀಟ್ ಐತೆ, ಕೊಡ್ಲಾ? ನುಣ್ಣಗೈತೆ. ಯಾರ ಮದ್ವೆ ಅಕ್ಕ?"

"ಮದುವೆ ಅಲ್ಲ ಭಾಯಿ. ಬೆಟ್ಟ ಕತ್ತರಿಸೋಕೆ."

ಅವರು ನನ್ನ ಮುಖ ನೋಡಿ, ತಮಾಷೆಯಿರಬೇಕು ಎಂದುಕೊಂಡು, "ಅದಕ್ಕೆ ಜೇಸಿಬಿ ತಗಳಿ ಅಕ್ಕ, ಹೈವೇಲಿ ಬೇಕಾದಷ್ಟು ನಿಂತವೆ," ಎಂದರು. ನನಗೂ ನಗು ಬಂತು. ಆ ಶೀಟನ್ನೇ ತಂದೆ. ಅದರ ಮೈ ನುಣುಪು, ಒಳಗೂ ಹೊರಗೂ ಒಂದೇ ಬಣ್ಣ, ನಾರು ಕಡಿಮೆ. ಕಾರ್ಡಿನಲ್ಲಿ ನೋಡಬೇಕಾದದ್ದು ಇದನ್ನೇ. ಆದರೆ ಅದೂ ಥಂಡಿ ಹಿಡಿದಿತ್ತು.

ಸಂಜೆ ಬಂದ ಯಜಮಾನರು ಶೀಟಿನ ಒಂದು ಮೂಲೆ ಹರಿದು ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಕಾಫಿ ಬೀಜ ಒಣಗಿದೆಯೋ ಎಂದು ಸ್ಟೋರಿನಲ್ಲಿ ಅವರು ದಿನವೂ ಮಾಡುವುದು ಅದನ್ನೇ. ಬೀಜ ಹಲ್ಲಿಗೆ ಚಟ್ ಎಂದರೆ ಮೂಟೆಗೆ, ಮೆತ್ತಗೆ ಕೂತರೆ ಮತ್ತೆ ಕಣಕ್ಕೆ.

"ಹಸಿ ಐತೆ ಮಾರಾಯ್ತಿ. ಇನ್ನೂ ಎರಡು ದಿನ ಒಣಗ್ಬೇಕು," ಎಂದರು, ಗಂಭೀರವಾಗಿ.

ಮರುದಿನ ಶೀಟಿನ ಕಟ್ಟನ್ನೇ ಎಸ್ಟೇಟಿನ ಸ್ಟೋರಿಗೆ ಹೊತ್ತುಕೊಂಡು ಹೋದರು. ಮಳೆಗಾಲದಲ್ಲಿ ತೇವ ಹಿಡಿದ ಮೆಣಸನ್ನು ಮತ್ತೆ ಒಣಗಿಸಲು ಅಲ್ಲಿ ಬಿಸಿಗಾಳಿಯ ಡ್ರೈಯರ್ ಹಾಕುತ್ತಾರೆ. ಅದರ ಪಕ್ಕದ ಮೂಟೆಗಳ ಮೇಲೆ ಶೀಟುಗಳನ್ನು ಹರಡಿ ಒಣಗಿಸಿದರು. ಕಾಫಿಯವರ ಬುದ್ಧಿಗೆ ತೇವ ಅಂದರೆ ಒಣಗಿಸುವುದು, ಅಷ್ಟೇ. ನನಗೂ ಬೇರೇನೂ ಹೊಳೆಯಲಿಲ್ಲ. ವಾಪಸು ಬಂದ ಕಾರ್ಡುಗಳು ಹಪ್ಪಳದ ಹಾಗೆ ನಾಲ್ಕೂ ಕಡೆ ಎದ್ದಿದ್ದವು. ಮ್ಯಾಟಿಗೆ ಒತ್ತಿದರೆ ಒಂದು ಮೂಲೆ ಕೂತು ಇನ್ನೊಂದು ಏಳುತ್ತಿತ್ತು. ಮೇಲಾಗಿ ಅವಕ್ಕೆ ಹೊಟ್ಟಿನ ಸಣ್ಣ ಧೂಳು ಅಂಟಿತ್ತು. ಕೈಗೆ ಗೊತ್ತಾಗದಷ್ಟು ಸಣ್ಣದು. ಎರಡು ಎಲೆ ಕತ್ತರಿಸುವಷ್ಟರಲ್ಲಿ ಬ್ಲೇಡಿನ ಮೊನೆ ಹೋಯಿತು, ಮ್ಯಾಟಿನ ಅಂಟೂ ಹೋಯಿತು. ಮನೆ ತುಂಬಾ ಮೆಣಸಿನ ಘಾಟು. ಮಗಳು ಸೀನಿ ಸೀನಿ, "ಅಪ್ಪಾ, ಇದನ್ನ ಸಾರಿಗೆ ಹಾಕೋಣ," ಎಂದಳು.

ಕೊನೆಗೆ ಅತ್ತೆ ಹೇಳಿದರು. "ಉಪ್ಪಿನ ಡಬ್ಬೀಗೆ ನಾಕು ಕಾಳು ಅಕ್ಕಿ ಹಾಕಕಿಲ್ವಾ? ಹಂಗೇ ಮಾಡು. ಬಿಸಿ ಮಾಡಿ ಅದರ ಪ್ರಾಣ ಯಾಕೆ ತೆಗೀತೀರ?"

ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ, ಕಾರ್ಡುಗಳನ್ನು ಎರಡು ಹಲಗೆಗಳ ನಡುವೆ ಮಟ್ಟಸವಾಗಿಟ್ಟು, ಎರಡನ್ನೂ ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿಟ್ಟೆ. ಸ್ವಲ್ಪ ಗುಣ ಕಂಡಿತು. ಸ್ವಲ್ಪವೇ. ಉಳಿದದ್ದನ್ನು ಕೆಡಿಸಿ ಕೆಡಿಸಿ ಕಲಿತೆ. ಪ್ರತಿ ಸಲವೂ ಮೊದಲು ಮೂಲೆಯಲ್ಲೊಂದು ಚಿಕ್ಕ ಚೌಕ ಕೊಯ್ದು ನೋಡಬೇಕು, ಅದು ತಾನಾಗಿ ಬಿದ್ದರೆ ಮುಂದುವರಿಯಬೇಕು. ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಿ ಕೊಯ್ಯುವುದಕ್ಕಿಂತ ಹಗುರಾಗಿ ಎರಡು ಸಲ ಹಾಯಿಸಿದರೆ ಅಂಚು ನುಣುಪು ಬರುತ್ತದೆ. ಸಣ್ಣ ತಿರುವುಗಳಿದ್ದರೆ ವೇಗ ಇಳಿಸಬೇಕು. ಬ್ಲೇಡಿನ ಮೊನೆಗೆ ನಾರು ಸಿಕ್ಕಿಕೊಂಡರೆ ಚಾಕಲೇಟಿನ ಬೆಳ್ಳಿ ಕಾಗದವನ್ನು ಉಂಡೆ ಮಾಡಿ ಅದಕ್ಕೆ ಚುಚ್ಚಿ ಚುಚ್ಚಿ ತೆಗೆಯಬೇಕು. ಕಾರ್ಡನ್ನು ಮ್ಯಾಟಿನಿಂದ ಎಬ್ಬಿಸುವುದು ನನಗೆ ಮೊದಲೇ ಗೊತ್ತಿರಬೇಕಾಗಿತ್ತು. ಬಾಳೆಲೆಯ ಮೇಲೆ ತಟ್ಟಿದ ಅಕ್ಕಿರೊಟ್ಟಿಯನ್ನು ನಾವು ಎಲೆಯಿಂದ ಕೀಳುತ್ತೇವೆಯೇ? ಮಗುಚಿ ಹಾಕಿ, ಎಲೆಯನ್ನು ಬಾಗಿಸುತ್ತಾ ರೊಟ್ಟಿಯಿಂದ ಬಿಡಿಸುತ್ತೇವೆ. ಇದೂ ಹಾಗೇ. ಮ್ಯಾಟನ್ನು ಬೋರಲು ಹಾಕಿ ಮ್ಯಾಟನ್ನೇ ಬಾಗಿಸಬೇಕು, ಕಾರ್ಡು ನೆಲಬಿಡದೆ ಮಲಗಿರಬೇಕು.

ಬೆಟ್ಟದ ಫೋಟೋ ತೆಗೆದು, ಲ್ಯಾಪ್‌ಟಾಪಿನಲ್ಲಿ ಅದರ ಅಂಚಿನ ಮೇಲೆ ಗೆರೆ ಎಳೆದೆವು. ಯಾವ ಮರ ಇರಬೇಕು, ಯಾವುದು ಬೇಡ ಎಂದು ಹೇಳಿದವಳು ಮಗಳೇ. ಕಿಟಕಿಯ ಕಟ್ಟೆಯಲ್ಲಿ ಕೂತು, ತಲೆಯನ್ನು ಹಕ್ಕಿಯ ಹಾಗೆ ಅತ್ತಿತ್ತ ತಿರುಗಿಸುತ್ತಾ, ತನ್ನ ಬಳೆಯೊಳಗೆ ಬೆಟ್ಟವನ್ನು ತುಂಡುತುಂಡಾಗಿ ಹಿಡಿದು ಹೇಳುತ್ತಿದ್ದಳು.

"ಎಡಗಡೆ ಕೊಡೆ ತರಹದ್ದು. ಆಮೇಲೆ ಬೋಳು. ಆಮೇಲೆ ಜೋಡಿ ಮರ, ಜಗಳ ಆಡಿಕೊಂಡು ನಿಂತಿರೋದು."

ಮೊದಲ ಕೆಲವು ಬೆಟ್ಟಗಳು ಮರಗಳ ಬುಡದಲ್ಲೇ ಹರಿದವು. ಮರದ ಕಾಂಡ ಅಕ್ಕಿ ಕಾಳಿನಷ್ಟು ಸಣ್ಣದು, ಬ್ಲೇಡು ತಿರುಗುವಾಗ ಕಾರ್ಡನ್ನು ಕಿತ್ತುಕೊಂಡೇ ಹೋಗುತ್ತಿತ್ತು. ಕಾಂಡಗಳನ್ನು ಒಂದಿಷ್ಟು ದಪ್ಪ ಮಾಡಿದೆ. ಆಗಸ್ಟಿನ ಒಂದು ಮಧ್ಯಾಹ್ನ ಎಡಗಡೆಯ ಗುಡ್ಡ ಪೂರ್ತಿ ಚೊಕ್ಕವಾಗಿ ಬಂತು. ಕೊಡೆ ಮರ, ಬೋಳು, ಜಗಳದ ಜೋಡಿ, ಎಲ್ಲಾ. ಬ್ಲೇಡು ನಡುವಿನ ತಗ್ಗಿಗೆ ಇಳಿಯುತ್ತಿದ್ದಾಗ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದು ನೆನಪಿರಲಿಲ್ಲ. ಮ್ಯಾಟನ್ನು ಒಮ್ಮೆ ಗಕ್ಕನೆ ಎಳೆದುಕೊಂಡಿತು. ತಗ್ಗಿನ ಅಂಚಿನಲ್ಲಿದ್ದ ಒಂದು ಮರ, ಅದರ ಬುಡದ ನೆಲವೂ ಸೇರಿ ಕಿತ್ತುಬಂತು. ಬಲಗಡೆಯ ಗುಡ್ಡವನ್ನು ಮತ್ತೆ ಹೊಂದಿಸಿ ಕೊಯ್ಯಿಸಿದೆ. ಅದು ಚೆನ್ನಾಗಿಯೇ ಬಂತು. ನಡುವೆ ಮಾತ್ರ ಒರಟಾದ ಒಂದು ಕಚ್ಚು.

ಮಗಳು ಆ ಕಾರ್ಡನ್ನು ಕಿಟಕಿಗೆ ಹಿಡಿದು, ನಿಜವಾದ ಬೆಟ್ಟದ ಪಕ್ಕ ಇಟ್ಟು, ತಲೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬೆರಳಾಡಿಸಿದಳು. ಕಚ್ಚಿನ ಹತ್ತಿರ ಬೆರಳು ಇಳಿಯಿತು.

"ಅಜ್ಜೀ, ಬೆಟ್ಟಕ್ಕೆ ಹಲ್ಲು ಬಿದ್ದಿದೆ!"

ಅತ್ತೆ ಬಂದು ನೋಡಿ, ತಮ್ಮ ಬೊಚ್ಚು ಬಾಯಿ ತೆರೆದು ತೋರಿಸಿದರು. "ನನ್ನಂಗೇ ಆಗ್ಬುಡ್ತಲ್ಲೇ ಬೆಟ್ಟ! ವಯಸ್ಸಾಯ್ತು ಬುಡು ಅದಕ್ಕೂ. ಇನ್ಮೇಲೆ ರಾಗಿಮುದ್ದೆ ನುಂಗ್ಕಂಡು ಇರ್ಲಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಲ್ಲು ಬಿದ್ದ ಬೆಟ್ಟ ಎಂದೇ ಅದಕ್ಕೆ ಹೆಸರಾಯಿತು. ನಾನು ಅದನ್ನು ಕಸಕ್ಕೆ ಹಾಕುವುದರಲ್ಲಿದ್ದೆ, ಮಗಳು ಬಿಡಲಿಲ್ಲ. ಸರಿಯಾದದ್ದು ಬರುವವರೆಗೆ ಇದಿರಲಿ ಎಂದಳು. ನನಗೂ ಅದು ಸರಿಯೆನ್ನಿಸಿತು. ದಪ್ಪ ಕಾರ್ಡಿನ ಮೇಲೆ ಅಂಟಿಸಿಕೊಟ್ಟೆ.

ಸರಿಯಾದದ್ದು ಆ ಮಳೆಗಾಲದಲ್ಲಿ ಬರಲಿಲ್ಲ. ಬೇಸಿಗೆಯಲ್ಲಿ ಬರಬಹುದಿತ್ತು. ಆದರೆ ಬೇಸಿಗೆ ಪೂರ್ತಿ ನಾವು ಆಸ್ಪತ್ರೆಗಳಲ್ಲಿ ಕಳೆದೆವು. ಯಾರೋ ಒಬ್ಬರು ಹೇಳಿದರು ಎಂದು ಮಂಗಳೂರು, ಇನ್ನೊಬ್ಬರು ಹೇಳಿದರು ಎಂದು ಬೆಂಗಳೂರು. ಯಸಳೂರಿನ ಕಡೆ ಒಬ್ಬರು ಕಣ್ಣಿಗೆ ಸೊಪ್ಪಿನ ರಸ ಬಿಡುತ್ತಾರೆಂದು ಅತ್ತೆ ಹಟ ಹಿಡಿದು ಕರೆದುಕೊಂಡು ಹೋದರು. ಬಳೆ ಚಿಕ್ಕದಾಗುತ್ತಲೇ ಹೋಯಿತು. ಒಂದು ದಿನ ಶಾಲೆಯ ವ್ಯಾನು ಬಂದು ಎದುರಿಗೇ ನಿಂತಿದ್ದರೂ ಮಗಳು ಸದ್ದಿನ ಕಡೆ ಕಿವಿ ಕೊಟ್ಟು ನಿಂತದ್ದನ್ನು ನಾನು ಮೇಲಿನಿಂದ ನೋಡಿದೆ. ಡ್ರೈವರು ಇಳಿದು ಬಂದು ಅವಳ ಬ್ಯಾಗು ತೆಗೆದುಕೊಂಡ.

ಮತ್ತೆ ಮಳೆ ಹಿಡಿಯಿತು. ಮತ್ತೆ ಡ್ರಮ್ಮು, ಅಕ್ಕಿ, ಹಲಗೆ. ಅಡಿಗೆ ಮುಗಿಸಿ ದಿನವೂ ಯಂತ್ರದ ಮುಂದೆ ಕೂರುತ್ತಿದ್ದೆ. ಒಂದು ದಿನ ಯಜಮಾನರು ಹಿಂದೆ ಬಂದು ನಿಂತರು.

"ಇದನ್ನ ಸರಿಯಾಗಿ ಮಾಡಿಬಿಟ್ರೆ ಏನಾಗುತ್ತೆ ಹೇಳು?"

"ಏನೂ ಆಗಲ್ಲ ಕಣ್ರೀ."

"ಮತ್ತೆ?"

"ಮತ್ತೇನು, ಲಾರಿ ಬರ್ತಿದೆ. ಟೇಬಲ್ ಗಟ್ಟಿ ಹಿಡ್ಕೊಳ್ಳಿ."

ಅವರು ಹಿಡಿದುಕೊಂಡರು. ಲಾರಿ ಗೇರು ಬದಲಿಸಿ ಹತ್ತಿಹೋಯಿತು. ಲೋಟಗಳು ಕಿಣಿಗುಟ್ಟಿದವು. ಅವತ್ತಿನ ಬೆಟ್ಟ ಕೊಡೆ ಮರದಲ್ಲೇ ಹರಿಯಿತು.

ಆ ದಿನಗಳಲ್ಲೆಲ್ಲ ಮಗಳ ಕೈಯಲ್ಲಿ ಇದ್ದದ್ದು ಹಲ್ಲು ಬಿದ್ದ ಬೆಟ್ಟ. ಟೀವಿ ಕೇಳುವಾಗ, ಪಾಠ ಕೇಳುವಾಗ, ಮಲಗುವಾಗ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಅಜ್ಜಿ ಜಪಸರ ಎಣಿಸುವಾಗ ಅವಳು ಬೆಟ್ಟ ಎಣಿಸುತ್ತಿದ್ದಳು. ಬೆರಳು ಚೆನ್ನಾಗಿ ಕಲಿಯುತ್ತಿದೆಯಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಜನವರಿಯ ಕೊನೆಗೆ ಎಲ್ಲವೂ ಕೂಡಿಬಂತು. ಎಸ್ಟೇಟಿನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಗಾಳಿ ಎಷ್ಟು ಒಣಗಿತ್ತೆಂದರೆ ತುಟಿ ಒಡೆಯುತ್ತಿತ್ತು. ಭಾಯಿ ಹಾಸನದಿಂದ ಹೊಸ ಕಟ್ಟು ತರಿಸಿಕೊಟ್ಟಿದ್ದರು, ಶೀಟು ಬಗ್ಗಿಸಿದರೆ ಚಟಕ್ ಎನ್ನುತ್ತಿತ್ತು. ಹೊಸ ಬ್ಲೇಡು, ಹೊಸ ಮ್ಯಾಟು. ಮೂಲೆಯ ಚೌಕ ತಾನಾಗಿ ಉದುರಿತು. ಹೆದ್ದಾರಿಯಲ್ಲಿ ಎಲ್ಲೋ ಕೆಳಗೆ ಲಾರಿ ಕೆಟ್ಟು ನಿಂತು ರಸ್ತೆ ಕಟ್ಟಿತ್ತು, ಒಂದು ಲೋಟವೂ ಅಲುಗಲಿಲ್ಲ. ಯಂತ್ರ ತನ್ನಷ್ಟಕ್ಕೆ ಕೊಯ್ದು ಮುಗಿಸಿತು. ಮ್ಯಾಟನ್ನು ಬೋರಲು ಹಾಕಿ ಬಾಗಿಸಿದೆ. ಬೆಟ್ಟ ಇಡಿಯಾಗಿ ಬಂತು. ಮಗುಚಿ ನೋಡಿದೆ. ಹಿಂಬದಿಯಲ್ಲಿ ಒಂದು ನಾರೂ ಇರಲಿಲ್ಲ. ತಗ್ಗಿನ ಅಂಚಿನ ಮರ, ಅದರ ಬುಡ, ಎಲ್ಲಾ ಎಲ್ಲಿರಬೇಕೋ ಅಲ್ಲಿ.

ಅಷ್ಟು ಹೊತ್ತಿಗೆ ಮಗಳಿಗೆ ಕಾಣುತ್ತಿದ್ದದ್ದು ಕಿಟಕಿ ಎಲ್ಲಿದೆ ಎಂಬುದು ಮಾತ್ರ. ಒಂದು ಬೆಳಕಿನ ಚೌಕ.

ಅಂಟಿಸುವ ಮುಂಚೆ ಅವಳು ಒಮ್ಮೆ ಬೆರಳಾಡಿಸಲಿ ಎಂದು ಹಿತ್ತಿಲಿಗೆ ಹೋದೆ. ಅಜ್ಜಿ ಮೊಮ್ಮಗಳು ಬಿಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಆ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ, ಮಗಳು ಅತ್ತೆಗಿಂತ ಬೇಗ ಮಾಡುತ್ತಿದ್ದಳು. ಅವಳ ಕೈ ತೊಳೆಸಿ, ಸೆರಗಿನಲ್ಲಿ ಒರೆಸಿ, ಕಾರ್ಡು ಕೊಟ್ಟೆ.

ಮುಟ್ಟಿದ ಕೂಡಲೇ, "ಬೆಟ್ಟ!" ಎಂದಳು. "ಹೊಸದಾ? ನುಣ್ಣಗಿದೆ." ಕೊಡೆ ಮರ ಸಿಕ್ಕಿತು. ಬೋಳು ಸಿಕ್ಕಿತು. ಜಗಳದ ಜೋಡಿ ಸಿಕ್ಕಿತು. ಬೆರಳು ತಗ್ಗಿಗೆ ಇಳಿಯಿತು, ದಾಟಿತು, ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ ಹೋಯಿತು.

"ಕಂಡಿ ಎಲ್ಲಿ?"

"ಯಾವ ಕಂಡಿ ಮಗಾ?"

"ಅದೇ, ಹಲ್ಲು ಬಿದ್ದಿರೋದು."

"ಅದು ಹರಿದದ್ದಲ್ವಾ? ಕರೆಂಟು ಹೋಗಿ ಹರೀತು. ಇದು ಸರಿಯಾಗಿ ಬಂದಿದೆ ನೋಡು, ಅಲ್ಲಿ ಮರ ಇದೆ."

"ಇಲ್ಲಮ್ಮ," ಎಂದಳು. ಸಿಟ್ಟೇನೂ ಇರಲಿಲ್ಲ. ತಪ್ಪು ಹೇಳಿದವರನ್ನು ಮೆಲ್ಲಗೆ ತಿದ್ದುವ ಹಾಗೆ ಹೇಳಿದಳು. "ಕಾರ್ಡಿನಲ್ಲಿ ಅಲ್ಲ, ನಿಜವಾದ ಬೆಟ್ಟದಲ್ಲೇ ಇತ್ತು. ನಾನು ದಿನಾ ನೋಡ್ತಿದ್ದೆನಲ್ಲ. ವ್ಯಾನಿಗೆ ಕಾಯೋವಾಗ ಬಿಸಿಲು ಆ ಕಂಡಿಯಿಂದಲೇ ಬರ್ತಿತ್ತು. ಸಣ್ಣ ಕೋಲಿನ ಹಾಗೆ ಬರ್ತಿತ್ತು."

ನಾನು ತಲೆಯೆತ್ತಿದೆ. ಕಣಿವೆಯ ಆಚೆ ಬೆಟ್ಟ ಇತ್ತು. ತಗ್ಗಿನ ಅಂಚಿನಲ್ಲಿ ಮರ ಇತ್ತು. ಅತ್ತೆಯೂ ಅತ್ತ ನೋಡಿದರು. ಏನಾದರೊಂದು ಚೇಷ್ಟೆ ಮಾಡುತ್ತಾರೆ, ಬೊಚ್ಚು ಬಾಯಿ ತೆರೆದು ನಗಿಸುತ್ತಾರೆ ಎಂದು ಕಾದೆ. ಅವರು ಒಂದು ಅವರೆಕಾಳನ್ನು ಬೆರಳಲ್ಲಿ ಹಿಡಿದವರು ಹಿತುಕದೆ ಹಾಗೇ ಹಿಡಿದುಕೊಂಡಿದ್ದರು.

"ಅಜ್ಜೀ, ಇತ್ತಲ್ವಾ?"

ಅತ್ತೆ ನನ್ನ ಮುಖ ನೋಡಿದರು. "ಇತ್ತು ಕಣವ್ವ," ಎಂದರು.

"ನೋಡಮ್ಮ. ಇದು ಬೇರೆ ಯಾವುದೋ ಬೆಟ್ಟ ಆಗಿಬಿಟ್ಟಿದೆ." ಕಾರ್ಡನ್ನು ನನ್ನ ಕಡೆ ಚಾಚಿದಳು. "ಸರಿ ಮಾಡಿಕೊಡು."

ಹಳೆಯ ಕಾರ್ಡು ಅವಳ ಮಡಿಲಲ್ಲೇ ಇತ್ತು. ಸವೆದು ಬಟ್ಟೆಯಂತಾಗಿತ್ತು, ಕೊಡೆ ಮರ ಒರಗಿತ್ತು. ಕಚ್ಚು ಮಾತ್ರ ಬೆರಳು ಹೋಗಿ ಹೋಗಿ ಮೊದಲಿಗಿಂತ ಅಗಲವಾಗಿತ್ತು. ಒಳಗೆ ಹೋಗಿ ಕಸೂತಿಯ ಕತ್ತರಿ ತಂದೆ. ಹೊಸ ಬೆಟ್ಟದ ನಡುವೆ, ಆ ಮರವನ್ನೂ ಅದರ ಬುಡವನ್ನೂ ಸೇರಿಸಿ ಕತ್ತರಿಸಿದೆ. ಕತ್ತರಿಯ ಅಂಚು ತೀರಾ ಚೊಕ್ಕವಾಗಿ ಬಂತು. ಹಾಗಿದ್ದರೆ ಅವಳು ಒಪ್ಪುವುದಿಲ್ಲ ಎಂದು ಉಗುರಿನಿಂದ ಅಲ್ಲಲ್ಲಿ ಕಿತ್ತು ಒಂದಿಷ್ಟು ಜುಂಗು ಎಬ್ಬಿಸಿದೆ.

ಅವಳ ಬೆರಳು ಬಂತು, ಇಳಿಯಿತು, ಅಲ್ಲೇ ಕೂತಿತು.

"ಹೂಂ, ಇದೇ," ಎಂದಳು. ಕಾರ್ಡನ್ನು ಹಳೆಯದರ ಮೇಲಿಟ್ಟುಕೊಂಡು ಮತ್ತೆ ಅವರೆಕಾಳಿನ ಪಾತ್ರೆಗೆ ಕೈ ಹಾಕಿದಳು.

ಕತ್ತರಿಸಿದ ಚೂರು ಕೆಳಗೆ ಬಿದ್ದಿತ್ತು. ಅವರೆಯ ಸಿಪ್ಪೆಗಳ ನಡುವೆ ಅದನ್ನು ಹುಡುಕಿ ತೆಗೆದೆ. ಒದ್ದೆ ಬೆರಳಿಗೆ ಅಂಟಿಕೊಂಡು ಬಂತು. ಅಕ್ಕಿ ಕಾಳಿನಷ್ಟು ಕಾಂಡ, ಮೇಲೆ ಪುಟ್ಟ ತಲೆ. ಮಗುಚಿ ನೋಡಿದೆ. ಹಿಂಬದಿಯೂ ಚೊಕ್ಕವಾಗಿತ್ತು.